ನಲವತ್ತೊಂದನೆಯ ಮಾಡ್

ಮೊದಲಿಗೆ ನೂರ ಹದಿನೇಳಿದ್ದವು.
ಎಲ್ಲವನ್ನೂ ಒಂದೇ ರಾತ್ರಿ ಒಂದೇ ಫೋಲ್ಡರಿಗೆ ತುರುಕಿ
ಆಟ ತೆರೆದರೆ
ತೋಳದ ಮೈಗೆ ಮೀನಿನ ಚರ್ಮ,
ನಡುಬೇಸಿಗೆಯಲ್ಲಿ ಹಿಮ,
ಉಪ್ಪು ಮೂರು ಬಗೆ, ಒಂದು ಇನ್ನೊಂದನ್ನು
ಉಪ್ಪೆಂದು ಒಪ್ಪುವುದಿಲ್ಲ.
ಆಮೇಲೆ ಕಪ್ಪು ಪರದೆ. ಫ್ಯಾನಿನ ಸದ್ದು.

ಹೊಂದದ್ದನ್ನು ಕಿತ್ತು ಹಾಕು, ಅಂದ ಡೆರಿಕ್.
ಹಾರುವ ಹಡಗು ಕಿತ್ತೆ.
ಮಾತಾಡುವ ಕತ್ತಿ ಕಿತ್ತೆ.
ಡ್ರ್ಯಾಗನ್ನನ್ನು, ಎರಡು ದಿನ ತಡೆದು, ಕಿತ್ತೆ.
ಉಳಿದವನ್ನು ಕೂರಿಸುವುದೇ ದೊಡ್ಡ ಪಾಡು:
ಋತುವಿನದ್ದು ಮೊದಲು, ಅದರ ಪಕ್ಕ ಹಸಿವು,
ಹಸಿವಿನ ಪಕ್ಕ ಬಾಯಾರಿಕೆ.
ಮದುವೆ ಮನೆಯ ಪಂಕ್ತಿಯ ಹಾಗೆ,
ಒಬ್ಬರ ಎಲೆ ತಪ್ಪಿದರೆ
ಇಡೀ ಸಾಲು ಎದ್ದು ಹೊರಡುತ್ತದೆ.

ಹಗಲು ಸಾಗರದ ಮನೆಮನೆಗೆ ಹೋಗಿ
ಇನ್ವರ್ಟರ್ ಬ್ಯಾಟರಿಗೆ ನೀರು ತುಂಬುತ್ತೇನೆ.
ಆಸಿಡ್ ತಿಂದ ಪ್ಯಾಂಟಿನಲ್ಲೇ ರಾತ್ರಿ
ಸೈಕಲ್ ಅಂಗಡಿಯ ಹಿಂದಿನ ನಮ್ಮ ಬಾಡಿಗೆ ಮನೆಯಲ್ಲಿ ಕೂತು
ಕಾಡು ಕಟ್ಟುತ್ತೇನೆ.
ನಲವತ್ತಕ್ಕೆ ಇಳಿದಾಗ ಒಂದು ತಾಸು ಆಡಿದೆ.
ಎಲ್ಲೂ ಒಡೆಯಲಿಲ್ಲ.
ಎಲ್ಲೂ ಕೂಡಿಕೊಳ್ಳಲೂ ಇಲ್ಲ.
ಬಸ್ಸಿನಲ್ಲಿ ಅಕ್ಕಪಕ್ಕ ಕೂತ ಅಪರಿಚಿತರ ಹಾಗೆ
ನಲವತ್ತೂ ಕಿಟಕಿ ನೋಡುತ್ತಿದ್ದವು.

ಅತ್ತಿಗೆ ಆಶಾ ಕಾರ್ಯಕರ್ತೆ.
ಸಂಕ್ರಾಂತಿ ಕಳೆದರೆ ಅವಳಿಗೆ ಸತ್ತ ಮಂಗಗಳ ಲೆಕ್ಕ:
ಯಾವ ಊರು, ಯಾವ ಹಾಡ್ಯ, ಎಷ್ಟು ಹೊತ್ತಿಗೆ ಕಂಡದ್ದು.
ದರಗು ತರಲು ಹೋಗುವವರ ಕೈಗೆ
ಎಣ್ಣೆಯ ಸೀಸೆ ಕೊಟ್ಟು ಸಹಿ ಹಾಕಿಸಿ
ಮನೆಗೆ ಬಂದವಳೇ ಉಟ್ಟದ್ದನ್ನು ಕುದಿನೀರಿಗೆ ಹಾಕಿ,
ಮಿಂದು, ತಲೆಗೆ ಟವೆಲ್ ಸುತ್ತಿ
ನನ್ನ ಬೆನ್ನ ಹಿಂದೆ ನಿಂತಳು.

"ಇವನು ಬರಿಗಾಲಲ್ಲಿ ಕಾಡಿಗೆ ಹೋಗ್ತಿದಾನಲ್ಲ,
ಏನೂ ಕಚ್ಚಲ್ವ?"
ಕರಡಿ ಇದೆ, ತೋಳ ಇದೆ,
ಅಮಾವಾಸ್ಯೆಗೆ ಹೆಣ ಏಳ್ತವೆ, ಅಂದೆ.
"ಅವೆಲ್ಲ ಕಾಣ್ತವಲ್ಲ ಮಾರಾಯ."

ಹಾಗಾಗಿ ನಲವತ್ತೊಂದನೆಯದನ್ನು ನಾನೇ ಬರೆದೆ.
ಉಣುಗು.
ಚಿತ್ರವಿಲ್ಲ, ಸದ್ದಿಲ್ಲ,
ಕಚ್ಚಿದರೆ ಪರದೆ ಕೆಂಪಾಗುವುದಿಲ್ಲ.
ಆರು ರಾತ್ರಿ ಕಳೆದು, ಆಟಗಾರ
ಮನೆಗೆ ಎರಡನೆಯ ಕೋಣೆ ಕಟ್ಟುವಾಗ
ಜ್ವರ.

ಡೆರಿಕ್ ಫೋನಿನಲ್ಲಿ ಕೂಗಾಡಿದ:
"ಯಾತರಿಂದ ಸತ್ತೆ ಅಂತಾದ್ರೂ ಹೇಳ್ಬೇಕಲ್ಲ ಆಟ!"
ದಾರಿಯಲ್ಲಿ ಮಂಗ ಬಿದ್ದಿತ್ತು, ನೋಡಲಿಲ್ಲವಾ?
"ನೋಡ್ದೆ. ದಾಟಿ ಹೋದೆ."

ಆದರೆ ಅಂದಿನಿಂದ ಒಂದು ವಿಚಿತ್ರ.
ಚಂದಕ್ಕೆಂದು ಇಟ್ಟಿದ್ದ ತಾಮ್ರದ ಹಂಡೆ
ಬಟ್ಟೆ ಕುದಿಸಲು ಬೇಕಾಯಿತು.
ಎಲೆಯ ಹಾಸಿಗೆಯ ಮಾಡ್, ಎಲ್ಲರಿಗೂ ಪ್ರೀತಿಯದು,
ಮಲಗುವ ಮುಂಚೆ ಎರಡು ಸಲ ಯೋಚಿಸುವಂತಾಯಿತು.
ಋತುವಿನ ಮಾಡಿಗೆ ಮೊದಲ ಸಲ ಕೆಲಸ ಸಿಕ್ಕಿತು:
ಜನ ಮಳೆಗಾಲಕ್ಕೆ ದಿನ ಎಣಿಸತೊಡಗಿದರು.
ತನ್ನ ಬೆನ್ನು ತನಗೆ ಕಾಣದು, ಹಾಗಾಗಿ
ಒಬ್ಬನೇ ಆಡುತ್ತಿದ್ದವನು ಇನ್ನೊಬ್ಬನನ್ನು ಕರೆದ.
ಯಾರ‍್ಯಾರೋ ಯಾವ್ಯಾವ ದೇಶದಲ್ಲೋ ಕೂತು ಬರೆದವು
ಒಂದರ ಬಾಗಿಲು ಒಂದು ತಟ್ಟಿದವು,
ಎಳ್ಳು ಕಾಳಿನಷ್ಟು ಹುಳಕ್ಕಾಗಿ.

ಬಿಡುಗಡೆಗೆ ಮುಂಚೆ ಒಂದು ಅಂಕಿ ತುಂಬಬೇಕಿತ್ತು.
ಜ್ವರ ಬಂದ ನೂರು ಜನರಲ್ಲಿ
ಎಷ್ಟು ಜನ ಉಳಿಯಬೇಕು?
ಸುಮ್ಮನೆ, ಆಟದ ಲೆಕ್ಕಕ್ಕೆ, ಅತ್ತಿಗೆಯನ್ನು ಕೇಳಿದೆ.

ಅವಳು ತನ್ನ ರಿಜಿಸ್ಟರ್ ತೆರೆದಳು.
ಒಂದು ಹಾಳೆಯ ಮೇಲೆ ಬೆರಳಿಟ್ಟು
ತುಂಬ ಹೊತ್ತು ಕೂತಳು.
ಮತ್ತೆ ಮುಚ್ಚಿ, ರಬ್ಬರ್ ಬ್ಯಾಂಡ್ ಹಾಕಿ ಹೇಳಿದಳು:
"ಈಗ್ಲೇ ಬರೀಬೇಡ. ಮೇ ಮುಗೀಲಿ."

ಇವತ್ತು ಏಪ್ರಿಲ್ ಹನ್ನೊಂದು.