ಮಾವನ ತೋರುಬೆರಳು

ನಮ್ಮ ಕೋಳಿಗೂಡಿನ ಬಾಗಿಲಿಗೆ ಮಾವ ಬಡಿದ ತಗಡು
ಒಂದು ಕಾಲಕ್ಕೆ ರಾಕೆಟ್ಟಿನ ಸೊಂಟದ ಚರ್ಮ.
ಹುಲ್ಲುಗಾವಲಿಗೆ ಬಿದ್ದದ್ದು, ಹೊತ್ತು ತಂದದ್ದು.
ಮಳೆಗೆ ತುಕ್ಕಿಲ್ಲ, ಹಿಮಕ್ಕೆ ಜಗ್ಗಿಲ್ಲ.
ಅದರ ಮೇಲೆ ಅರ್ಧ ಉಳಿದ ಒಂದು ರಷ್ಯನ್ ಅಕ್ಷರ;
ಮೊಟ್ಟೆಗೆ ಹೋದಾಗಲೆಲ್ಲ ನನ್ನ ಮಗಳು
ಅದನ್ನು ಬೇರೆ ಬೇರೆ ಥರ ಓದುತ್ತಾಳೆ.

ಇವತ್ತು ಎಂಟು ಗಂಟೆ ಹನ್ನೊಂದು ನಿಮಿಷಕ್ಕಂತೆ.
ಫೋನು ಹೇಳಿತು, ರಾಬಿಗಾ ಕೂಗಿದಳು,
ನಾನು ಹಿಟ್ಟಿನ ಕೈಯಲ್ಲೇ ಹಿತ್ತಿಲಿಗೆ ಬಂದೆ.
ಮಾವ ಆಗಲೇ ಕುರ್ಚಿಯಲ್ಲಿದ್ದರು,
ಮೈಗೆ ಕುರಿದೊಗಲು, ತಲೆಗೆ ನರಿಯ ಟೋಪಿ,
ಕಣ್ಣೊಳಗೆ ಐದು ವರ್ಷದಿಂದ ಒಡೆದ ಹಾಲು.

"ಯಾವ ಕಡೆಯಿಂದ?"
"ತಾಮ್ರದ ಕಾರ್ಖಾನೆ ಚಿಮಣಿಯ ಎಡಕ್ಕೆ, ಅತಾ."
"ಹಾಗಾದರೆ ಪಡುವಣ," ಎಂದರು,
ನೆಂಟರು ಯಾವ ಬಸ್ಸಿಳಿದು ಬರುತ್ತಾರೆಂದು ಗೊತ್ತಾದವರ ಹಾಗೆ.

ಬಂತು.
ಸದ್ದಿಲ್ಲ. ವಿಮಾನಕ್ಕಿರುವ
ಕೆಂಪು ಹಸಿರು ಕಣ್ಣು ಹೊಡೆಯುವ ಚಾಳಿಯೂ ಇಲ್ಲ.
ದೀಪ ಹಿಡಿದು ಯಾರೋ ಅಂಗಳ ದಾಟುವ ಹಾಗೆ
ಕುಡಿ ಅಲುಗದಂತೆ,
ಬೇಗ, ಆದರೆ ಅವಸರವಿಲ್ಲದೆ.
ಪಕ್ಕದ ಮನೆಯ ನಾಯಿ ಒಮ್ಮೆ ಬೊಗಳಿ
ತನಗೇ ನಾಚಿಕೆಯಾಗಿ ಸುಮ್ಮನಾಯಿತು.

ರಾಬಿಗಾ ಅಜ್ಜನ ತೋರುಬೆರಳು ಹಿಡಿದು ಎತ್ತಿದಳು.
ಮರಳಿನ ಮೇಲೆ ಮಗುವಿನ ಕೈ ಹಿಡಿದು ತಿದ್ದಿಸುತ್ತಾರಲ್ಲ,
ಹಾಗೆಯೇ, ಆದರೆ ತಿರುವುಮುರುವು:
ಏಳು ವರ್ಷದ ಗುರು, ಎಪ್ಪತ್ತೆಂಟರ ಶಿಷ್ಯ,
ಇಡೀ ಬಾನಗಲಕ್ಕೆ ಒಂದೇ ಗೆರೆ.

"ಈಗ ಬಟ್ಟೆ ಹಗ್ಗದ ಮೇಲೆ.
ಈಗ ಸೇಬಿನ ಗಿಡ ದಾಟಿತು, ಎಲೆ ಬಂದಿಲ್ಲ, ಕೊಂಬೆ ನಡುವೆ ಕಾಣುತ್ತೆ.
ಈಗ ನಿನ್ನ ಟೋಪಿಯ ನೆತ್ತಿಗೆ. ಅಲ್ಲಾಡಬೇಡ ಅತಾ!"

ಬೇಲಿಯಾಚೆಯಿಂದ ಲುದ್ಮೀಲಾ:
"ಕೆಂಜೆಬೆಕ್, ಕಾಣಿಸಿತೇ?"
"ಕಾಣಿಸುತ್ತಿದೆ," ಎಂದರು ಮಾವ.

ಎಷ್ಟು ಜನ ಇದ್ದಾರೋ ಅದರಲ್ಲಿ, ಎಂದೆ.
"ಏಳು," ಎಂದಳು ಮಗಳು.
"ಭಾರವೇ ಇಲ್ಲದ ಏಳು," ಎಂದರು ಇವರು.

ಇವರಿಗೆ ಗೊತ್ತು. ಜೆಜ್‌ಕಾಜ್‌ಗಾನಿನ ಸುತ್ತ ಇಪ್ಪತ್ತು ವರ್ಷ
ಬಾನಿಂದ ಇಳಿದವರನ್ನು ಹುಡುಕುವ
ದೊಡ್ಡ ಗಾಲಿಯ ಗಾಡಿ ಓಡಿಸಿದವರು.
ಸುಟ್ಟ ಮಡಕೆಯಂಥ ಕೋಶದಿಂದ
ಒಬ್ಬನನ್ನು ಎತ್ತಿ ಈಚೆ ಕೂರಿಸಿದಾಗ
ಆತ ತನ್ನ ಕೈಯನ್ನು ತಾನೇ ಎತ್ತಲಾರದೆ
ಅದು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದನಂತೆ.
ನೀರು? ಬೇಡ.
ಮನೆಗೆ ಫೋನು? ಆಮೇಲೆ.
ಪಕ್ಕದಲ್ಲಿ ಬೆಳೆದಿದ್ದ ಜುಸಾನ್ ಗಿಡದತ್ತ ಕಣ್ಣು ತಿರುಗಿಸಿದ.
ಮಾವ ಒಂದು ಕುಡಿ ಕಿತ್ತು, ಅಂಗೈಯಲ್ಲಿ ಹೊಸಕಿ
ಮೂಗಿಗೆ ಹಿಡಿದರು.
ಆ ಕಹಿ ಘಾಟು, ನಮ್ಮ ಕುರಿಗಳೂ
ಬೇರೇನೂ ಸಿಗದಾಗ ಬಾಯಿ ಹಾಕುವ ಕಳೆ,
ಅದಕ್ಕೆ ಆ ಮನುಷ್ಯ ಅತ್ತ.

ನೂರು ಸಲ ಹೇಳಿದ್ದಾರೆ ಇದನ್ನು.
ಒಂದೊಂದು ಸಲ ಆತ ಅಳುವುದಿಲ್ಲ, ಸೀನುತ್ತಾನೆ.

"ಆರಿಹೋಯ್ತು!"
ರಾಬಿಗಾಳ ದನಿಯಲ್ಲಿ ಮೋಸಹೋದ ಸಿಟ್ಟು.
ನೆತ್ತಿ ದಾಟಿ, ಮೂಡಣಕ್ಕೆ ಅರ್ಧ ದಾರಿ ಇರುವಾಗಲೇ
ಮೊದಲು ಕೆಂಪಗೆ,
ಆಮೇಲೆ ಇಲ್ಲ.
ಅವಳು ಬೆರಳು ಬಿಟ್ಟಳು.
ನಾನು ಒಳಗೆ ತಿರುಗಿದೆ; ಒಲೆಯ ಮೇಲೆ ಎಣ್ಣೆ ಇಟ್ಟು ಬಂದಿದ್ದೆ.

"ಆರಿಲ್ಲ," ಎಂದರು ಮಾವ.
"ನಮ್ಮ ನೆರಳೊಳಗೆ ಹೋಯಿತು, ಅಷ್ಟೆ."

ಬೆರಳು ಇಳಿಸಿರಲಿಲ್ಲ.
ಯಾರೂ ಹಿಡಿಯದ ಆ ಬೆರಳು
ಅದೇ ವೇಗದಲ್ಲಿ ನಡೆಯುತ್ತಿತ್ತು,
ಲುದ್ಮೀಲಾಳ ಛಾವಣಿ ದಾಟಿ,
ನೀರಿನ ಟ್ಯಾಂಕು ದಾಟಿ,
ತುಟಿಯಲ್ಲಿ ಏನೋ ಲೆಕ್ಕ,
ಕೆಳಗೆ, ಇನ್ನೂ ಕೆಳಗೆ,
ಕೋಳಿಗೂಡಿನ ತಗಡಿಗೆ ನೇರವಾಗಿ ಬಂದು ನಿಂತಿತು.
ಒಳಗೊಂದು ಕೋಳಿ ನಿದ್ದೆಯಲ್ಲೇ ಜಾಗ ಬದಲಿಸಿತು.

"ಈಗ ಮುಳುಗಿತು," ಎಂದರು.

ಅಡುಗೆಮನೆಯ ಕಿಟಕಿಯಿಂದ ಎಣ್ಣೆ ಹೊಗೆಯಾಡುತ್ತಿತ್ತು.
ನಾನು ಇನ್ನೂ ಹಿತ್ತಿಲಲ್ಲೇ ಇದ್ದೆ.