ಮೀಸೆಯ ಮಣ್ಣು

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ಹಗಲು ನಾನು ತೂಕದವನು.
ಸಂಜೆ, ಗೋದಾಮಿನ ಮೇಲಿನ ತಗಡಿನ ಕೋಣೆಯಲ್ಲಿ
ಮಾಸ್ಟರ್.
ಮರಳಿನ ಜೊತೆ ರೇಷ್ಮೆ ಜುಂಗು ತುರುಕಿ ಹೊಲಿದ
ಒಂದೇ ಒಂದು ಚೀಲ,
ಒದ್ದಾಗಲೆಲ್ಲ ಸತ್ತ ಹುಳುವಿನ ವಾಸನೆ ಬಿಡುತ್ತಿತ್ತು.

ತಬ್ರೇಜ್ ಬಂದಾಗ ಅವನಿಗೆ ಹದಿನಾಲ್ಕು.
ಕೈ ಹಿಡಿದು ನೋಡಿದೆ: ಬೆಂದ ಬೆರಳು,
ಕುದಿವ ಬೇಸಿನ್ನಿಗೆ ಇಳಿದಿಳಿದು
ಬಿಸಿ ಯಾವುದು ನೋವು ಯಾವುದು ಮರೆತದ್ದು.
ಒಳ್ಳೇದಾಯ್ತು, ಅಂದೆ.
ಅನ್ನಬಾರದಿತ್ತು.

ನಾನು ಕಲಿಸಿದ್ದು ನಿಲ್ಲುವುದು.
ಎಡಗಾಲು ಮುಂದೆ, ಗದ್ದ ಕೆಳಗೆ,
ಸೊಂಟ ತಿರುಗಿದರೆ ಕಾಲೇ ಚಾಟಿ.
ಬಿದ್ದರೆ ಎಣಿಸುತ್ತಾರೆ, ಎಂಟರೊಳಗೆ ಏಳು.
ಬಿದ್ದವನ ಮೇಲೆ ಯಾರೂ ಬೀಳುವುದಿಲ್ಲ,
ಅದು ನಿಯಮ, ಅದು ಮರ್ಯಾದೆ.
ಕೋಲಾರದಲ್ಲಿ ಗೆದ್ದ, ದಾವಣಗೆರೆಯಲ್ಲಿ ಗೆದ್ದ,
ರೋಹ್ಟಕ್ಕಿನ ಹುಡುಗನ ದವಡೆಗೆ ಅವನ ಬಲಗಾಲು
ಸಲಾಮು ಹೇಳಿ ಬಂದದ್ದನ್ನು
ಇವತ್ತಿಗೂ ಟೀ ಅಂಗಡಿಯಲ್ಲಿ ಆಡಿ ತೋರಿಸುತ್ತೇನೆ
ಗ್ಲಾಸು ಚೆಲ್ಲಿಕೊಂಡು.

ಆಮೇಲೆ ಪಂಜರ.
ಎಂಟು ಮೂಲೆ, ಕಬ್ಬಿಣದ ಬಲೆ, ಬೆರಳು ಕಾಣುವ ಗ್ಲೌಸು.
ಮೊದಲನೇ ಪಂದ್ಯ ನಲವತ್ತು ಸೆಕೆಂಡು.
ಮಣಿಪುರದ ಗಿಡ್ಡ ಹುಡುಗ ಕಾಲಿಗೆ ಬಂದ,
ಕುಡುಗೋಲು ಪೈರಿಗೆ ಬಂದ ಹಾಗೆ.
ತಬ್ರೇಜ್ ಬಿದ್ದ. ನಾನು ಬಲೆ ಹಿಡಿದು ಕೂಗಿದೆ:
ಏಳೋ! ಏಳೋ!
ಯಾರೂ ಎಣಿಸಲಿಲ್ಲ.
ಬಿದ್ದ ಮೇಲೆ ಶುರುವಾಗುವ ಆಟ ಅದು,
ನನ್ನ ಆಟ ಅಲ್ಲಿಗೆ ಮುಗಿಯುತ್ತಿತ್ತು.

ಎರಡನೆಯದೂ ಹಾಗೇ.
ವಾಪಸು ರೈಲಿನಲ್ಲಿ ನಾನೇ ಹೆಚ್ಚು ಮಾತಾಡಿದೆ,
ರೆಫರಿ, ದೀಪದ ಬೆಳಕು, ಊಟದ ಎಣ್ಣೆ.
ಅವನು ಕಿಟಕಿಗೆ ಹಣೆಯೊತ್ತಿ
"ಕೆಳಗೆ ಏನು ಮಾಡ್ಬೇಕು, ಮಾಸ್ಟರ್?" ಅಂದ.
ನನಗೆ ಗೊತ್ತಿರಲಿಲ್ಲ.

ಮೇಲೂರಿನ ಪಿಳ್ಳಪ್ಪನಿಗೆ ಎಪ್ಪತ್ತಾರು.
ಕಿವಿಗಳೆರಡೂ ಮುಚ್ಚಿ ಗಂಟಾಗಿ
ತಲೆಯ ಆಚೀಚೆ ಹುಳು ಎರಡು ಗೂಡು ಕಟ್ಟಿದಂತೆ.
ಹುಡುಗನನ್ನು ಅಡಿಯಿಂದ ಮುಡಿಯವರೆಗೆ ನೋಡಿ
"ನಿಲ್ಲೋದು ಲೈಟು ಕಂಬಕ್ಕೂ ಬರ್ತದೆ.
ಬಿದ್ದು ತೋರ್ಸು" ಅಂದ.
ಕೆಮ್ಮಣ್ಣಿಗೆ ಮಜ್ಜಿಗೆ, ಅರಿಶಿನ, ನಿಂಬೆಹುಳಿ
ಕಲಸಿ ಹದ ಮಾಡಿದ ಗರಡಿ.
ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ,
ಆ ಒಂದು ಗಾದೆಯೊಳಗೇ ಇತ್ತಲ್ಲ
ನನ್ನ ಇಷ್ಟು ವರ್ಷದ ಪಾಠ!
ಪಿಳ್ಳಪ್ಪ ಮೊದಲ ದಿನವೇ
ಹಿಡಿ ಮಣ್ಣು ತೆಗೆದು ಅವನ ಮೀಸೆಗೆ ಬಳಿದ.
"ಆಯ್ತಾ? ಆ ಭಯ ಮುಗೀತು. ಈಗ ಕಲಿ."

ನಾನು ಹೊರಗೆ, ಚಪ್ಪಡಿ ಕಲ್ಲಿನ ಮೇಲೆ,
ಅವನ ಬೂಟುಗಳನ್ನು ತೊಡೆಯ ಮೇಲಿಟ್ಟುಕೊಂಡು
ಎರಡು ವರ್ಷ.

ಉಳಿದದ್ದು ಕಲಿಸಿದವಳು ಅವನ ಅಮ್ಮ ಖಮರುನ್ನೀಸಾ,
ಕಲಿಸುತ್ತಿದ್ದೇನೆಂದು ತಿಳಿಯದೆ,
ಬೇಸಿನ್ನಿನ ಹಬೆಯೊಳಗಿಂದ:
"ಗೂಡು ಹಿಸುಕಿದ್ರೆ ಹುಳ ಬರ್ತದೆ, ಎಳೆ ಬರಲ್ಲ.
ನೀರಲ್ಲಿ ಆಡಿಸು. ತುದಿ ತಾನೇ ಕೈಗೆ ಹತ್ತುತ್ತೆ."

ಬಿರುದಿನ ಪಂದ್ಯ, ಗೋವಾ, ಮೂರನೇ ಸುತ್ತು.
ತಬ್ರೇಜ್ ಅಂಗಾತ. ಎದೆಯ ಮೇಲೆ ಎಪ್ಪತ್ತು ಕಿಲೋ ಕೋಪ.
ಹುಬ್ಬು ಒಡೆದಿದೆ. ಜನ ಎದ್ದು ನಿಂತಿದ್ದಾರೆ.
ಏಳೋ ಎನ್ನುವ ಮಾತು ಗಂಟಲಿಗೆ ಬಂತು,
ಟವೆಲು ಕಚ್ಚಿಕೊಂಡೆ.
ಅವನು ಏಳಲಿಲ್ಲ.
ಕೆಳಗೇ ಇದ್ದು, ಆತುರವಿಲ್ಲದೆ,
ಏಟುಗಳ ಕುದಿಯಲ್ಲಿ ಬೆಂದ ಬೆರಳಾಡಿಸಿ
ಒಂದು ಮಣಿಕಟ್ಟು ಹುಡುಕಿದ,
ಎಳೆದ, ಎಳೆಯುತ್ತಾ ಹೋದ,
ಮೊಣಕೈ ಭುಜ ಬೆನ್ನು ಎಲ್ಲ
ಒಂದೇ ದಾರವಾಗಿ ಬಿಚ್ಚಿಕೊಂಡು ಬಂತು.
ಎದುರಾಳಿ ಅವನ ತೊಡೆ ತಟ್ಟಿದ, ಮೂರು ಸಲ,
ಹೊತ್ತಲ್ಲದ ಹೊತ್ತಲ್ಲಿ
ನೆಂಟರ ಬಾಗಿಲು ತಟ್ಟುವಷ್ಟು ಮೆಲ್ಲಗೆ.

ಚಾಂಪಿಯನ್ ಪಟ್ಟಿ ಮುಟ್ಟಿ ನೋಡಿ ಅಮ್ಮ
"ಎಷ್ಟು ತೂಗ್ತದೆ?" ಅಂದಳು.
ಮಾರುಕಟ್ಟೆಯ ತಕ್ಕಡಿಯಲ್ಲಿ ನಾನೇ ಇಟ್ಟೆ.
ಮೂರು ಕಿಲೋ ಇನ್ನೂರು.
"ಚೀಟಿ ಬರೀರಿ" ಅಂತ ಯಾರೋ ನಕ್ಕರು.

ಈಗ ಅವನ ಎಡಗಿವಿಯೂ ಗೂಡು ಕಟ್ಟಿದೆ.
ಬಸ್‌ಸ್ಟ್ಯಾಂಡಿನಲ್ಲಿ ಅವನ ಎಡಕ್ಕೆ ನಿಂತು
ಹೇಳಬೇಕಾದ್ದನ್ನು ಹೇಳಿದೆ, ಎಲ್ಲವನ್ನೂ.
ಅವನು ಪೂರ್ತಿ ತಿರುಗಿ, ಬಲಗಿವಿ ಕೊಟ್ಟು,
"ಏನಂದ್ರಿ ಮಾಸ್ಟರ್?"
"ಏನಿಲ್ಲಪ್ಪ. ಚಿಂತಾಮಣಿ ಬಸ್ಸು ಬಂತು."