ಮುಖ ಮುಂದೆ

ಆ ಡಬ್ಬಿಯ ಹುಡುಗನ ಬಾಯಲ್ಲಿ ನಲವತ್ತೊಂದು ಹಲ್ಲು.
ಎಣಿಸಿದ್ದೇನೆ, ಏಳರ ವಯಸ್ಸಿನಲ್ಲಿ,
ಮಾರ್ಸೇ ಊರಿನ ಹನ್ನೊಂದನೇ ಮಹಡಿಯ ಅಡುಗೆಮನೆಯಲ್ಲಿ
ಹಾಲು ಕಾಯುವಷ್ಟು ಹೊತ್ತು.
ಕೆಳಸಾಲಿಗೆ ಬರುವಷ್ಟರಲ್ಲಿ ಉಕ್ಕಿತ್ತು ಹಾಲು.
ಹುಲ್ಲಿನ ಟೋಪಿ, ತನ್ನಷ್ಟೇ ಎತ್ತರದ ಚಮಚ,
ಒಣಮೆಣಸಿನ ಕೆಂಪು ತುಟಿಗೆ,
ಮೈಗೆ ಮಾತ್ರ ಒಳಗಿನ ಪುಡಿಯದೇ ಬಣ್ಣ.
ತಿಮೋಲೊ. ಬೆಳಗಿನ ಕೋಕೋ.
"ಚಿತ್ರ ಬರೆದವನು ಬಂದು ತನ್ನ ಬಾಯಿ ತೆರೆಯಲಿ,
ನಾನೂ ಎಣಿಸ್ತೀನಿ"
ಅಂದಿದ್ದಳು ಅಮ್ಮ, ಒಲೆ ಒರೆಸುತ್ತಾ.

ಕೊಮೊರೊ ದ್ವೀಪದ ಅವಳ ಹಿತ್ತಲಲ್ಲಿ ಇದ್ದದ್ದು
ಲವಂಗ, ಎರಡು ಬಳ್ಳಿ ವೆನಿಲ್ಲಾ.
ಕೋಕೋ ಕಂಡದ್ದೇ ಇಲ್ಲಿ, ಈ ಬಂದರಿಗೆ ಇಳಿದ ಮೇಲೆ,
ಅದೂ ಡಬ್ಬಿಯಲ್ಲಿ.

ಹೆಸರು ಮೊಯ್ನೇಶಾ. ಎದೆಯ ಬಿಲ್ಲೆಯಲ್ಲಿ ಮೋನಾ.
ಬಿಲ್ಲೆ ಚಿಕ್ಕದು ಎಂದಿದ್ದ ಮ್ಯಾನೇಜರ್.
ರಾತ್ರಿ ಪಾಳಿ, ಸೂಪರ್ ಮಾರ್ಕೆಟ್ಟಿನ ಐದನೇ ಓಣಿ:
ಸಕ್ಕರೆ, ಜಾಮು, ಕಾಫಿ, ತಿಮೋಲೊ.
ಕಲಿಸಿಕೊಟ್ಟದ್ದು ಒಂದೇ ಪಾಠ: ಮುಖ ಮುಂದೆ.
ಯಾವ ಡಬ್ಬಿಯೂ ಗಿರಾಕಿಗೆ ಬೆನ್ನು ತೋರಿಸಕೂಡದು.
ಒಂದೊಂದನ್ನೇ ಹೆಬ್ಬೆರಳಿಂದ ತಿರುಗಿಸಿ
ಬೆಳಗಾಗುವುದರೊಳಗೆ ನೂರಾರು ನಗೆ ಜೋಡಿಸಿ
ಐದೂವರೆಯ ಬಸ್ಸು ಹತ್ತುತ್ತಿದ್ದಳು.
ನಿಂತವರು ಆರು ಜನ.
ಅವಳ ಪಕ್ಕದ ಸೀಟು ಖಾಲಿ.

ಶಾಲೆಯಲ್ಲಿ ನನಗೆ ಆ ಹೆಸರಿಟ್ಟವನು ಲುದೊವಿಕ್.
ಕೆಟ್ಟವನಲ್ಲ, ತನ್ನ ಬಣ್ಣದ ಪೆನ್ಸಿಲು ಕೊಡುತ್ತಿದ್ದ.
"ತಿಮೋಲೊ, ಒಂದ್ಸಲ ಅದರ ಥರ ನಗು."
ನಕ್ಕೆ.
ಅದನ್ನೇ ಮರೆಯಲಾಗದ್ದು.
ಅವನು ಕೇಳಿದ್ದಲ್ಲ, ನಾನು ನಕ್ಕದ್ದು,
ಚೆನ್ನಾಗಿ ನಕ್ಕದ್ದು, ಟೀಚರೂ ನಕ್ಕದ್ದು.
ಆಮೇಲಿನ ಯಾವ ಫೋಟೋದಲ್ಲೂ ನನ್ನ ತುಟಿ ಬಿಚ್ಚಿಲ್ಲ.
ಮದುವೆಯದರಲ್ಲಿ ಕೂಡ. ನೋಡಿದವರು
ಹುಡುಗಿಗೆ ಮನಸ್ಸಿರಲಿಲ್ಲವೇನೋ ಅನ್ನುತ್ತಾರೆ.

ಮನೆಯಲ್ಲಿ ಖಾಲಿ ಡಬ್ಬಿಗೆ ಲವಂಗ ತುಂಬಿ
ಚಿತ್ರವನ್ನು ಗೋಡೆಗೆ ತಿರುಗಿಸಿ ಇಡುತ್ತಿದ್ದಳು.
ಯಾಕಮ್ಮ?
"ಸ್ವಲ್ಪ ಸುಮ್ಮನಿರಲಿ ಬಿಡೇ ನಸ್ರತಿ.
ಎಷ್ಟೂಂತ ನಗ್ತಾನೆ ಪಾಪ."

ಈಗ ಕಂಪನಿ ಹುಡುಗನನ್ನು ತೆಗೆದಿದೆ.
ಮೊದಲು ತುಟಿ ಸಣ್ಣದಾಯಿತು, ಆಮೇಲೆ ಮುಖವೇ ಹೋಯಿತು,
ಕೊನೆಗುಳಿದದ್ದು ಟೋಪಿ ಮತ್ತು ಚಮಚ,
ಯಾರೋ ಬಿಟ್ಟೋಡಿದ ಮನೆಯಲ್ಲಿ ಉಳಿದಂತೆ.
ರುಚಿ ಅದೇ ಎಂದು ದಪ್ಪಕ್ಷರದಲ್ಲಿ ಭರವಸೆ.
ನಮ್ಮ ಬಾಲ್ಯ ಕಸಿದರು ಎಂದು
ಬೇಕರಿಯ ಸಾಲಿನಲ್ಲಿ ಮುದುಕರೊಬ್ಬರು ಕಣ್ಣೊರೆಸಿಕೊಂಡರು.
ಅವರ ಹಿಂದೆ ನಾನಿದ್ದೆ,
ಕೈಯಲ್ಲಿ ಬ್ರೆಡ್ಡಿಗೆ ಎಣಿಸಿಟ್ಟ ಚಿಲ್ಲರೆ.

ಭಾನುವಾರ ಹಳೆಸಾಮಾನಿನ ಸಂತೆ.
ತಗಡಿನ ಡಬ್ಬಿ ಆರು, ಒಂದೊಂದಕ್ಕೆ ನಲವತ್ತು ಯೂರೋ,
ತುಕ್ಕು ಹಿಡಿದದ್ದಕ್ಕೆ ನಲವತ್ತೈದು.
"ಪ್ರೀತಿಯಿಂದ ಬರೆದದ್ದು ಮೇಡಂ, ಅಪಾರ್ಥ ಬೇಡ"
ಎಂದ ಮಾರುವವನು, ನಾನು ಇನ್ನೂ ಏನೂ ಅಂದಿರಲಿಲ್ಲ.
ಅಮ್ಮನಿಗೆ ಬಲಭುಜ ಮೇಲೇಳುವುದಿಲ್ಲ ಈಗ.
ಎಡಗೈಯ ಹೆಬ್ಬೆರಳು ಚಾಚಿದಳು.
ಒಂದು. ಎರಡು. ಮೂರು.
ಮೂವತ್ತು ವರ್ಷದ ಅಭ್ಯಾಸ, ಬರೀ ದಿಕ್ಕು ಬೇರೆ.
ಹುಡುಗರೆಲ್ಲ ಬೆನ್ನು ತಿರುಗಿಸಿದರು ಸಂತೆಗೆ.
ಅವರ ಬೆನ್ನಲ್ಲಿ ಬರೆದಿತ್ತು:
ಬಿಸಿ ಹಾಲಿಗೆ ಎರಡು ಚಮಚ, ಚೆನ್ನಾಗಿ ಕದಡಿ.
ನಿವ್ವಳ ತೂಕ ಇನ್ನೂರೈವತ್ತು ಗ್ರಾಂ.

ನಾವು ಮೂಲೆ ದಾಟುವ ಮೊದಲೇ
ಗೊಣಗುತ್ತಾ ಅವನು ಎಲ್ಲವನ್ನೂ ಮತ್ತೆ ನಗಿಸಿಟ್ಟಿದ್ದ.
ತಿರುಗಿ ನೋಡಿದೆ. ಐದೇ ಇದ್ದವು.

ಟ್ರಾಮಿನಲ್ಲಿ ಅಮ್ಮನ ಚೀಲ ನನ್ನ ಮಂಡಿಗೆ ತಗಡಿನ ಹಾಗೆ ಒತ್ತಿತು.
ಆ ಓಣಿಯಿಂದ ಒಂದು ಬಿಸ್ಕತ್ತೂ ಎತ್ತಿದವಳಲ್ಲ.
"ಅಮ್ಮ, ಕದ್ದೆಯಾ?"
ಕಿಟಕಿಯಾಚೆ ನೋಡುತ್ತಲೇ ಸೆರಗಿನಂಥ ಶಾಲು ಚೀಲಕ್ಕೆ ಹೊದಿಸಿದಳು.
"ಕದಿಯೋದೇನು ಬಂತು.
ಕರಕೊಂಡು ಬಂದೆ."